ತೆರಿಗೆಯ ಸಂಶಯ, ಸೃಷ್ಟಿಯ ಹೊಣೆ

ಓದಿ: ಆದಿಕಾಂಡ 2:15

ತೋಟವನ್ನು ಕಾಯುವ ಕೆಲಸವನ್ನು ದೇವರು ಮಾನವನಿಗೆ ಒಪ್ಪಿಸಿದರು. ಆ ಕಾವಲಿಗೆ ಬೆಲೆ ತೆರಲು ಜನರು ಹಿಂಜರಿಯುವುದೇಕೆ?

ಕೆನಡಾ ಸರ್ಕಾರ 2019ರಲ್ಲಿ ಹಲವು ಪ್ರಾಂತ್ಯಗಳಲ್ಲಿ ಇಂಧನದ ಮೇಲೆ ಇಂಗಾಲ ತೆರಿಗೆ ಹಾಕಿತು. ಬಂದ ಹಣದ ಬಹುಪಾಲನ್ನು ಕುಟುಂಬಗಳಿಗೇ ಹಿಂದಿರುಗಿಸಿತು. ಆದರೆ ತೆರಿಗೆ ಪೆಟ್ರೋಲ್ ಬಂಕಿನಲ್ಲಿ ಪ್ರತಿ ಸಲವೂ ಚುಚ್ಚಿತು. ಮರಳಿ ಬಂದ ಹಣ ಸದ್ದಿಲ್ಲದೆ ಬ್ಯಾಂಕ್ ಖಾತೆ ಸೇರಿತು. ಬಹಳ ಜನ ನಂಬಲಿಲ್ಲ. 2025ರ ಏಪ್ರಿಲ್ 1ರಂದು ಜನರ ಮೇಲಿನ ಆ ತೆರಿಗೆ ನಿಂತಿತು. ಭೂಮಿಯ ತಾಪ ನಿಲ್ಲಲಿಲ್ಲ.

ಪ್ರಶ್ನಿಸುವುದು ತಪ್ಪಲ್ಲ. ಸಂತ ತೋಮಾಸರು ಸಂಶಯಪಟ್ಟರು. ಗಾಯ ಕಂಡಾಗ ವಿಶ್ವಾಸವಿಟ್ಟರು. ತೆರಿಗೆ ಬಡವರಿಗೆ ನ್ಯಾಯವೇ ಎಂದು ಕೇಳೋಣ. ಭೂಮಿಯ ಗಾಯವನ್ನೇ ಅಲ್ಲಗಳೆಯದಿರೋಣ. ವಿಶ್ವಗುರು ಫ್ರಾನ್ಸಿಸರು 2023ರ ‘ಲೌದಾತೆ ದೇಉಮ್’ ಪತ್ರದಲ್ಲಿ ಅಲ್ಲಗಳೆಯುವವರನ್ನೇ ಎಚ್ಚರಿಸಿದರು.

ಮನೆಯಲ್ಲಿ ಚರ್ಚಿಸಿರಿ: ನಾಳಿನ ಮಕ್ಕಳಿಗಾಗಿ ನಾವು ಇಂದು ಏನನ್ನು ಬಿಟ್ಟುಕೊಡಬಲ್ಲೆವು?