ಎರಡು ಹುಣ್ಣು, ಒಂದೇ ಉಪ್ಪುನೀರು

ಪ್ರಶ್ನೆ: ನಮ್ಮದು ದಾಂಡೇಲಿ ಹತ್ತಿರದ ಕುಳಗಿ. ಒಂಬತ್ತನೇ ತರಗತಿಯ ಮಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಬಾಯಿಹುಣ್ಣು. ಊಟಕ್ಕೆ ಕೂತರೆ ಕಣ್ಣೀರು. ವಾರ, ಹತ್ತು ದಿನಕ್ಕೆ ಮಾಯುತ್ತದೆ. ಸಫಾರಿ ಜೀಪು ಓಡಿಸುವ ಯಜಮಾನರಿಗೂ ಎಡಗೆನ್ನೆಯ ಒಳಗೆ ಒಂದು ಹುಣ್ಣಾಗಿದೆ. ತಂಬಾಕು-ಸುಣ್ಣ ತಿಕ್ಕಿ ಅಲ್ಲೇ ಇಟ್ಟುಕೊಳ್ಳುವ ರೂಢಿ ಅವರದು. ತಿಂಗಳ ಮೇಲಾಯಿತು, ‘ನೋವೇ ಇಲ್ಲ, ಬಿಡು’ ಎನ್ನುತ್ತಾರೆ. ಅತ್ತೆ ಇಬ್ಬರದ್ದೂ ಮೈಯುಷ್ಣ ಎಂದು ಉಪ್ಪುನೀರು ಮುಕ್ಕಳಿಸಲು ಹೇಳುತ್ತಾರೆ, ಮಗಳ ಹುಣ್ಣಿಗೆ ಕಲ್ಲುಪ್ಪನ್ನೇ ಒತ್ತುತ್ತಾರೆ. ಇದು ಸರಿಯೇ?
– ಹೆಸರು ಬೇಡ, ಕುಳಗಿ

ಉತ್ತರ: ಅಮ್ಮಾ, ನೀವು ಹೆಚ್ಚು ಮರುಗಿರುವುದು ಮಗಳ ಕಣ್ಣೀರಿಗೆ. ನನಗೆ ಚಿಂತೆ ಹತ್ತಿದ್ದು ಯಜಮಾನರ ‘ನೋವೇ ಇಲ್ಲ’ ಎಂಬ ಮಾತಿಗೆ.

ಮೊದಲು ಮಗಳ ವಿಷಯ. ಉಪ್ಪುನೀರಿನ ಮಟ್ಟಿಗೆ ಅತ್ತೆ ಹೇಳಿದ್ದು ಸರಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ. ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಲಿ, ನುಂಗುವುದು ಬೇಡ. ಊಟವಾದ ಮೇಲೆ, ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಸಾಕು. ಹುಣ್ಣಿನ ಮೇಲೆ ಕೂತ ಅನ್ನದ ಅಗುಳು, ಕೊಳೆ ತೊಳೆದುಹೋಗುತ್ತದೆ, ಬಾಯಿಯ ಹುಳಿ ತಗ್ಗುತ್ತದೆ, ಊತ ಇಳಿಯುತ್ತದೆ. ಮಾಯಿಸುವ ಕೆಲಸ ಮೈಯದೇ. ಉಪ್ಪುನೀರು ಅದಕ್ಕೆ ಜಾಗ ಚೊಕ್ಕಟ ಮಾಡಿಕೊಡುತ್ತದೆ, ಅಷ್ಟೆ. ಕಲ್ಲುಪ್ಪು ಒತ್ತುವುದನ್ನು ಮಾತ್ರ ಇಂದೇ ನಿಲ್ಲಿಸಿ. ಅದು ಎಳೆ ಚರ್ಮವನ್ನು ಸುಟ್ಟು ಹುಣ್ಣನ್ನು ದೊಡ್ಡದು ಮಾಡುತ್ತದೆ. ಹುಣ್ಣಿರುವಷ್ಟು ದಿನ ಖಾರ, ಹುಳಿ ಕಡಿಮೆಯಿರಲಿ. ಮೊಸರನ್ನ, ಗಂಜಿ ಹಿತ.

ಪದೇಪದೇ ಬರುವುದಕ್ಕೆ ನಿದ್ದೆಗೆಟ್ಟು ಓದುವುದು, ಪರೀಕ್ಷೆಯ ಭಯ, ಚೂಪಾದ ಹಲ್ಲು ಇವೆಲ್ಲ ಕಾರಣವಾಗಬಹುದು. ಮುಟ್ಟು ಶುರುವಾದ ಹುಡುಗಿಯರಲ್ಲಿ ರಕ್ತ ಕಡಿಮೆಯಿರುವುದೂ ಸಾಮಾನ್ಯ. ಒಮ್ಮೆ ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಮಾಡಿಸಿ.

ಇನ್ನು ಯಜಮಾನರದು. ಮಗಳ ಹುಣ್ಣು ಉರಿಯುತ್ತದೆ, ಹತ್ತು ದಿನಕ್ಕೆ ಹೋಗುತ್ತದೆ. ಅವರದು ಉರಿಯದು, ಹೋಗದು. ಅದೂ ತಂಬಾಕು ಇಡುವ ಜಾಗದಲ್ಲೇ ಇದೆ. ಬಾಯಿಯ ಕ್ಯಾನ್ಸರ್ ಮೊದಮೊದಲು ಹೀಗೆ ನೋವಿಲ್ಲದೆ ಇರಬಲ್ಲದು. ಅದೇ ಎಂದು ನಾನು ಹೇಳುತ್ತಿಲ್ಲ. ಮುರಿದ ಹಲ್ಲು ಸವರಿದ ಗಾಯವೂ ಆಗಿರಬಹುದು, ಸುಣ್ಣ ಸುಟ್ಟದ್ದೂ ಆಗಿರಬಹುದು. ಆದರೆ ಎರಡು ಮೂರು ವಾರ ದಾಟಿಯೂ ಮಾಯದ ಹುಣ್ಣನ್ನು ವೈದ್ಯರು ನೋಡಲೇಬೇಕು. ಉಪ್ಪುನೀರಿನಿಂದ ಕೇಡಿಲ್ಲ. ‘ಮುಕ್ಕಳಿಸುತ್ತಿದ್ದೇನಲ್ಲ’ ಎಂದು ಇನ್ನೊಂದು ತಿಂಗಳು ತಳ್ಳುವುದರಲ್ಲಿ ಕೇಡಿದೆ.

ಈ ವಾರವೇ ದಾಂಡೇಲಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಗತ್ಯ ಕಂಡರೆ ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷಿಸಲು ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೋ ಕಳಿಸಿಯಾರು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ; ಸರ್ಕಾರಿ ವೈದ್ಯರ ಚೀಟಿ ಜೊತೆಗಿರಲಿ. ತಂಬಾಕು ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆ ತಂಬಾಕಿನ ಪೊಟ್ಟಣದ ಮೇಲೂ ಇದೆ.

ಯಜಮಾನರು ಒಪ್ಪದಿದ್ದರೆ ಒಂದೇ ಮಾತು ಕೇಳಿ: ಜೀಪಿನಡಿ ಆಯಿಲ್ ಸೋರುತ್ತಿದ್ದರೆ, ‘ಸದ್ದಿಲ್ಲ, ಬಿಡು’ ಎಂದು ಜನರನ್ನು ಹತ್ತಿಸಿಕೊಂಡು ಕಾಡಿಗೆ ಹೋಗುತ್ತೀರಾ? ನೀವು ಕೇಳಿದರೆ ರೇಗಿಯಾರು. ಅತ್ತೆಯಿಂದಲೇ ಕೇಳಿಸಿ. ಉಪ್ಪುನೀರು ಕೊಟ್ಟ ಕೈಯೇ ‘ಇದು ಉಪ್ಪುನೀರಿಗೆ ಬಗ್ಗುವುದಲ್ಲ, ನಡಿ ಮಗಾ’ ಎಂದರೆ ಅವರು ಇಲ್ಲವೆನ್ನಲಾರರು.