ತಾರಸಿಯ ಟ್ಯಾಂಕಿನೊಳಗೆ ಇಣುಕಿ ನೋಡಿದ್ದೀರಾ?

ಕುಡಿಯುವ ನೀರಿನ ಬಿಂದಿಗೆಯನ್ನು ನೀವು ದಿನಾ ತೊಳೆಯುತ್ತೀರಿ. ತಾಮ್ರದ ಕೊಡವಾದರೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತೀರಿ. ಆದರೆ ಆ ಬಿಂದಿಗೆಗೆ ನೀರು ಬರುವುದು ತಾರಸಿಯ ಮೇಲಿನ ಟ್ಯಾಂಕಿನಿಂದ. ಟ್ಯಾಂಕಿಗೆ ಬರುವುದು ಅಂಗಳದ ಕೆಳಗಿನ ಸಂಪಿನಿಂದ. ಅವೆರಡನ್ನೂ ಕೊನೆಯ ಸಲ ತೊಳೆಸಿದ್ದು ಯಾವಾಗ? ಬಹಳಷ್ಟು ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಬಂದಾಗ ನಾವು ಹೊರಗಿನ ತಿಂಡಿಯನ್ನೋ ನಗರಸಭೆಯ ನೀರನ್ನೋ ದೂರುತ್ತೇವೆ. ಅದು ಕೆಲವೊಮ್ಮೆ ನಿಜವೂ ಹೌದು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂದಿತ್ತು. ಅದು ಹೆಪಟೈಟಿಸ್ 'ಇ' ಎಂದು ಅನಂತರದ ದಶಕಗಳಲ್ಲಿ ತಿಳಿಯಿತು. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಈ ಕಾಯಿಲೆ ಪ್ರಾಣಾಂತಿಕವಾಗಬಲ್ಲದು. ಆದರೆ ಶುದ್ಧವಾಗಿಯೇ ಬಂದ ನೀರು ನಮ್ಮ ಮನೆಯೊಳಗೇ ಕೆಡುವುದೂ ಉಂಟು. ಮೀಟರಿನಿಂದ ಲೋಟದವರೆಗಿನ ಹೊಣೆ ನಮ್ಮದೇ.

ನೀರು ಕೆಡುವುದು ಹೇಗೆ?

ನಮ್ಮ ಊರುಗಳಲ್ಲಿ ನಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಬರುವುದು ಅಪರೂಪ. ನೀರು ನಿಂತಾಗ ಕೊಳವೆ ಬರಿದಾಗುತ್ತದೆ. ಆಗ ಬಿರುಕುಗಳಿದ್ದರೆ ಸುತ್ತಲಿನ ಚರಂಡಿಯ ನೀರು ಒಳಗೆ ಜಿನುಗುತ್ತದೆ. ಬೀದಿಯ ಕೊಳವೆಗೇ ನೇರವಾಗಿ ಮೋಟಾರು ಜೋಡಿಸಿ ಎಳೆಯುವವರು ನೀರಿನ ಜೊತೆಗೆ ಈ ಕೊಳಚೆಯನ್ನೂ ಎಳೆದುಕೊಳ್ಳುತ್ತಾರೆ. ನೀರು ಬಂದ ಮೊದಲ ಕೆಲವು ನಿಮಿಷ ಅದನ್ನು ಹೊರಗೆ ಹರಿಯಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ಬಿಡುವುದು ಲೇಸು.

ಸಂಪಿನ ಬಾಯಿ ಅಂಗಳದ ಮಟ್ಟಕ್ಕೇ ಇದ್ದರೆ ಮಳೆನೀರು, ಅಂಗಳ ತೊಳೆದ ನೀರು ಎಲ್ಲವೂ ಒಳಗಿಳಿಯುತ್ತವೆ. ಬಾಯಿಯ ಅಂಚನ್ನು ಒಂದು ಗೇಣಾದರೂ ಎತ್ತರಿಸಿ, ಬಿಗಿಯಾದ ಮುಚ್ಚಳ ಹಾಕಿಸಿ.

ಇನ್ನು ಮೇಲಿನ ಟ್ಯಾಂಕು. ಮುಚ್ಚಳ ಒಡೆದಿದ್ದರೆ ಪಾರಿವಾಳದ ಹಿಕ್ಕೆ, ಹಲ್ಲಿ, ಇಲಿ ಯಾವುದಕ್ಕೂ ತಡೆಯಿಲ್ಲ. ಬಿಸಿಲು ಬಿದ್ದಲ್ಲಿ ಪಾಚಿ ಕಟ್ಟುತ್ತದೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೂ ಇದು ಒಳ್ಳೆಯ ತಾವು. ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗುತ್ತದೆ. ನೀರು ಉಕ್ಕಿ ಹೊರಹೋಗುವ ಕೊಳವೆಯ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು.

ಮೋಟಾರಿನ ಕಡೆಗೂ ಗಮನವಿರಲಿ. ಗಾಳಿ ಹಿಡಿದು ನೀರೆತ್ತದಿದ್ದಾಗ ಕೈಗೆ ಸಿಕ್ಕ ಬಕೆಟ್ಟಿನ ನೀರನ್ನು ಅದಕ್ಕೆ ಸುರಿಯುವವರಿದ್ದಾರೆ. ಆ ನೀರು ನೇರವಾಗಿ ನಿಮ್ಮ ಟ್ಯಾಂಕಿಗೇ ಹೋಗುತ್ತದೆ! ಶುದ್ಧ ನೀರನ್ನೇ ಹಾಕಿ. ಪದೇಪದೇ ಗಾಳಿ ಹಿಡಿಯುತ್ತಿದ್ದರೆ ಫುಟ್‌ವಾಲ್ವ್ ಅಥವಾ ಎಳೆಯುವ ಕೊಳವೆ ಸೋರುತ್ತಿರಬಹುದು. ತಡಮಾಡದೆ ರಿಪೇರಿ ಮಾಡಿಸಿ. ಫುಟ್‌ವಾಲ್ವ್ ತಳಕ್ಕಿಂತ ಸ್ವಲ್ಪ ಮೇಲಿರಲಿ, ಇಲ್ಲದಿದ್ದರೆ ಕೆಸರನ್ನೂ ಎತ್ತುತ್ತದೆ.

ತೊಳೆಯುವ ಕ್ರಮ

ಮೊದಲು ಸಂಪು, ಆಮೇಲೆ ಟ್ಯಾಂಕು. ಮೋಟಾರಿನ ಸ್ವಿಚ್ಚು ಆರಿಸಿದರಷ್ಟೇ ಸಾಲದು, ಮೇನ್ ಸ್ವಿಚ್ಚನ್ನೂ ತೆಗೆಯಿರಿ. ಉಳಿದ ನೀರು, ಕೆಸರು ತೆಗೆದು ಗೋಡೆಗಳನ್ನು ಉದ್ದ ಹಿಡಿಯ ಗಟ್ಟಿ ಬ್ರಷ್ಷಿನಿಂದ ಉಜ್ಜಿರಿ. ಉಜ್ಜುವುದನ್ನು ಬಿಡಬೇಡಿ, ಗೋಡೆಗೆ ಅಂಟಿದ ಈಡಿಸ್ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಸೋಪಿನ ಪುಡಿ, ಆಸಿಡ್ ಬೇಡ.

ಅನಂತರ ರೋಗಾಣು ನಾಶ. ಅಂಗಡಿಯಿಂದ ಹೊಸದಾಗಿ ತಂದ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಹಳತಾದಂತೆ, ತೇವ ತಗುಲಿದಂತೆ ಸತ್ವ ಕಳೆದುಕೊಳ್ಳುತ್ತದೆ. 1000 ಲೀಟರಿನ ಟ್ಯಾಂಕಿಗೆ 150 ಗ್ರಾಂ, 500 ಲೀಟರಿಗೆ 75 ಗ್ರಾಂ ಪುಡಿ ಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನೀರು ಬೆರೆಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ನೀರು ತುಂಬಿಸಿ. ಮನೆಯ ಒಂದೊಂದೇ ನಲ್ಲಿ ತಿರುಗಿಸಿ, ಕ್ಲೋರಿನ್ ವಾಸನೆ ಬಂದೊಡನೆ ನಿಲ್ಲಿಸಿ. 24 ಗಂಟೆ ಹಾಗೇ ಬಿಡಿ. ಈ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬಾರದು. ಶೌಚಾಲಯ ತೊಳೆಯಲು ಆಗುತ್ತದೆ. ಮರುದಿನ ಪೂರ್ತಿ ಖಾಲಿ ಮಾಡಿ, ಶುದ್ಧ ನೀರಿನಿಂದ ತೊಳೆದು ತುಂಬಿಸಿ. ಈ ಒಂದು ದಿನಕ್ಕೆ ಬೇಕಾದ ನೀರನ್ನು ಮೊದಲೇ ಹಿಡಿದಿಡಿ.

ಸಂಪು ದೊಡ್ಡದಾದ್ದರಿಂದ ಅಷ್ಟು ನೀರು ಚೆಲ್ಲುವುದು ಕಷ್ಟ. 10 ಲೀಟರ್ ನೀರಿಗೆ 6 ಗ್ರಾಂ ಪುಡಿಯ ಲೆಕ್ಕದಲ್ಲಿ ದ್ರಾವಣ ಮಾಡಿ, ಗೋಡೆ-ನೆಲಕ್ಕೆಲ್ಲ ಬಳಿದು, ಅರ್ಧ ಗಂಟೆ ತೇವ ಆರದಂತೆ ನೋಡಿಕೊಂಡು ತೊಳೆದರೂ ಸಾಕು.

ಪ್ರಾಣಕ್ಕೆ ಸಂಚಕಾರ ಬೇಡ

ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ವಿಷಾನಿಲವೂ ಸೇರಿರಬಹುದು. ಇಳಿದವನು ಕ್ಷಣದಲ್ಲಿ ಕುಸಿಯುತ್ತಾನೆ. ಕಾಪಾಡಲು ಇಳಿದವನದೂ ಅದೇ ಗತಿ. ಆದ್ದರಿಂದ ಆದಷ್ಟೂ ಮೇಲೆ ನಿಂತೇ ತೊಳೆಯಿರಿ. ಇಳಿಯಲೇಬೇಕಾದರೆ ತಕ್ಕ ಸಲಕರಣೆಯಿರುವ, ಪಳಗಿದ ಕೆಲಸಗಾರರನ್ನೇ ಕರೆಸಿ. ಒಳಗಿದ್ದವರು ಕುಸಿದರೆ ಬೆನ್ನಲ್ಲೇ ಇಳಿಯದೆ 112ಕ್ಕೆ ಫೋನ್ ಮಾಡಿ. ಬ್ಲೀಚಿಂಗ್ ಪುಡಿಯ ಜೊತೆ ಶೌಚಾಲಯದ ಆಸಿಡ್ ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮಕ್ಕಳಿರುವ ಮನೆಯಲ್ಲಿ ಸಂಪಿಗೆ ಬೀಗವಿರಲಿ.

ಪ್ರತಿದಿನದ ಮಾತು

ಟ್ಯಾಂಕರ್ ನೀರು, ಬೋರ್‌ವೆಲ್ ನೀರು ತುಂಬಿಸಿಕೊಳ್ಳುವವರು 1000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿಯ ತಿಳಿಯನ್ನು ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಬೇಕು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸುವ ರೂಢಿ ಬಿಡಬೇಡಿ. ಆದರೆ ನೆನಪಿಡಿ, ಕುದಿಸಿದರೂ ಕ್ಲೋರಿನ್ ಹಾಕಿದರೂ ಫ್ಲೋರೈಡ್ ಹೋಗುವುದಿಲ್ಲ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿಯೇ ಕುಡಿಯಬೇಕು.

ಸಂಪು, ಟ್ಯಾಂಕುಗಳನ್ನು ಆರು ತಿಂಗಳಿಗೊಮ್ಮೆ ತೊಳೆಯುವುದು ಒಳ್ಳೆಯದು. ದಿನ ನೆನಪಿಡಲು ಕ್ಯಾಲೆಂಡರ್ ಬೇಕಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ಬೆಳಗಿ ನೀರು ತುಂಬುವುದು ನಮ್ಮ ಹಿರಿಯರ ಪದ್ಧತಿ. ಹಂಡೆಯ ಜಾಗಕ್ಕೆ ಈಗ ಟ್ಯಾಂಕು ಬಂದಿದೆ, ಅಷ್ಟೇ. ಆ ಹಬ್ಬಕ್ಕೆ ಮುಂಚೆ ಒಮ್ಮೆ, ಯುಗಾದಿಗೆ ಮುಂಚೆ ಒಮ್ಮೆ ತೊಳೆಸಿ, ತಾರೀಖನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದಿಡಿ. ಮುಚ್ಚಳವನ್ನಂತೂ ಈ ಭಾನುವಾರವೇ ತೆಗೆದು ನೋಡಿ.