ಸಂಗೀತ ಕಚೇರಿಯ ಬೆಳಕೂ ಸಣ್ಣ ಕ್ಯಾಮರವೂ

ದಸರೆಯ ಸಂಜೆಗಳಲ್ಲಿ ಮೈಸೂರು ಅರಮನೆಯ ಮುಂದೆ ಸಂಗೀತ ಕಚೇರಿಗಳು ನಡೆಯುವುದನ್ನು ವಾಚಕರು ಬಲ್ಲರು. ಊರು ನೋಡಲು ಬಂದ ವಿದ್ಯಾರ್ಥಿಯೊಬ್ಬನು ಬೆಳಗ್ಗೆ ಚಾಮುಂಡಿಬೆಟ್ಟದ ನಂದಿಯ ಚಿತ್ರವನ್ನು ಕಿಸೆಯ ಸಣ್ಣ ಕ್ಯಾಮರದಿಂದ ತೆಗೆಯುತ್ತಾನೆ. ಅದು ಸ್ಫುಟವಾಗಿ ಬರುತ್ತದೆ. ಸಂಜೆ ಅದೇ ಕ್ಯಾಮರದಿಂದ ಕಚೇರಿಯ ಚಿತ್ರ ತೆಗೆಯುತ್ತಾನೆ; ಗಾಯಕರ ಮುಖ ಬಿಳಿಯ ಮಚ್ಚೆಯಾಗಿಯೂ ಮೃದಂಗವಾದಕರ ಕೈ ಮಂಜಿನ ಮುದ್ದೆಯಾಗಿಯೂ ಮೂಡುತ್ತವೆ. ನಂದಿಯ ಚಿತ್ರವನ್ನು ನಾಳೆ ಮತ್ತೆ ತೆಗೆಯಬಹುದು. ಕಚೇರಿಯ ಆ ಗಳಿಗೆ ಮರಳಿ ಬಾರದು. ಆದುದರಿಂದ ಹೀಗಾಗುವುದೇಕೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಬೆಳಕಿನ ಲೆಕ್ಕ

ನಮ್ಮ ಕಣ್ಣು ಕತ್ತಲೆಗೂ ಬೆಳಕಿಗೂ ತಾನಾಗಿಯೇ ಒಗ್ಗಿಕೊಳ್ಳುವುದರಿಂದ ವೇದಿಕೆ ನಮಗೆ ಉಜ್ಜ್ವಲವಾಗಿಯೇ ಕಾಣುತ್ತದೆ. ವಾಸ್ತವದಲ್ಲಿ ಅಲ್ಲಿಯ ಬೆಳಕು ನಡುಹಗಲ ಬಿಸಿಲಿಗಿಂತ ನೂರಾರು ಪಟ್ಟು ಕಡಿಮೆ. ಲೆಕ್ಕದ ಅನುಕೂಲಕ್ಕಾಗಿ ೫೦೦ ಪಟ್ಟು ಎಂದಿಟ್ಟುಕೊಳ್ಳೋಣ. ಈ ಕೊರತೆಯನ್ನು ತುಂಬಲು ಮೂರು ಉಪಾಯಗಳಿವೆ.

ಒಂದನೆಯದು ಮಸೂರದ ರಂಧ್ರ. ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಎಫ್-ಸಂಖ್ಯೆ ಬರುತ್ತದೆ. ಈ ಸಂಖ್ಯೆ ಅರ್ಧವಾದರೆ ವ್ಯಾಸ ಎರಡರಷ್ಟಾಗಿ, ಒಳಬರುವ ಬೆಳಕು ನಾಲ್ಕರಷ್ಟಾಗುತ್ತದೆ. ಎರಡನೆಯದು ಷಟರು ತೆರೆದಿರುವ ಕಾಲ. ಮೂರನೆಯದು ಐ.ಎಸ್.ಓ. ಎಂಬ ಸಂವೇದನೆಯ ಅಂಕ.

ಒಳ್ಳೆಯ ಬಿಸಿಲಿನಲ್ಲಿ ಐ.ಎಸ್.ಓ. ೧೦೦, ಎಫ್/೮, ೧/೪೦೦ ಸೆಕೆಂಡು ಸಾಕಾಗುತ್ತದೆ. ಕಚೇರಿಯಲ್ಲಿ ರಂಧ್ರವನ್ನು ಎಫ್/೨ಕ್ಕೆ ತೆರೆದರೆ ೧೬ ಪಟ್ಟು, ಕಾಲವನ್ನು ೧/೧೦೦ ಸೆಕೆಂಡಿಗೆ ಹೆಚ್ಚಿಸಿದರೆ ೪ ಪಟ್ಟು, ಐ.ಎಸ್.ಓ. ಅನ್ನು ೮೦೦ಕ್ಕೆ ಏರಿಸಿದರೆ ೮ ಪಟ್ಟು ಲಾಭ. ೧೬ × ೪ × ೮ = ೫೧೨. ಕೊರತೆ ತುಂಬಿತು.

ತೆರಬೇಕಾದ ಬೆಲೆ

ಇವುಗಳಲ್ಲಿ ಮೂರನೆಯ ಉಪಾಯ ಹೊಸ ಬೆಳಕನ್ನೇನೂ ತರುವುದಿಲ್ಲ; ಬಂದಷ್ಟು ಸಂಕೇತವನ್ನೇ ಹಿಗ್ಗಿಸುತ್ತದೆ. ಬೆಳಕು ಕಣಗಳಂತೆ ಬಿಡಿಬಿಡಿಯಾಗಿ ಬರುವುದೆಂದು ೧೯೦೫ರಲ್ಲಿ ಐನ್‌ಸ್ಟೈನರು ಪ್ರತಿಪಾದಿಸಿದರಷ್ಟೆ. ಈ ಫೋಟಾನುಗಳು ಮಳೆಹನಿಗಳ ಹಾಗೆ ಅನಿಯತವಾಗಿ ಬೀಳುತ್ತವೆ. ಅವುಗಳ ಎಣಿಕೆಯಲ್ಲಿ ಕಾಣುವ ಏರುಪೇರು ಎಣಿಕೆಯ ವರ್ಗಮೂಲದಷ್ಟಿರುತ್ತದೆ. ಒಂದು ಬಿಂದುವಿನಲ್ಲಿ ೧೦,೦೦೦ ಫೋಟಾನು ಬಿದ್ದರೆ ಏರುಪೇರು ೧೦೦, ಅಂದರೆ ಶೇಕಡ ೧. ಕೇವಲ ೧೦೦ ಬಿದ್ದರೆ ಏರುಪೇರು ೧೦, ಅಂದರೆ ಶೇಕಡ ೧೦. ಕತ್ತಲೆಯ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವುದಕ್ಕೆ ಇದೇ ಮುಖ್ಯ ಕಾರಣ. ಅನೇಕ ಸಣ್ಣ ಕ್ಯಾಮರಗಳ ಗ್ರಾಹಕ ಫಲಕ ಸುಮಾರು ೬ ಮಿಲಿಮೀಟರು ಅಗಲ, ೪.೫ ಮಿಲಿಮೀಟರು ಎತ್ತರವಷ್ಟೇ ಇರುವುದರಿಂದ ಅದಕ್ಕೆ ದೊರೆಯುವ ಫೋಟಾನುಗಳೂ ಕಡಿಮೆ. ಮೆಗಾಪಿಕ್ಸೆಲುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಕೊರತೆ ನೀಗುವುದಿಲ್ಲ.

ಜೂಮ್ ಮಾಡುವಾಗಲೂ ಎಚ್ಚರಿಕೆ ಬೇಕು. ಮಸೂರವನ್ನು ಹೊರಕ್ಕೆ ಚಾಚಿದಂತೆ ಎಷ್ಟೋ ಕ್ಯಾಮರಗಳಲ್ಲಿ ಎಫ್/೨ ಇದ್ದದ್ದು ಎಫ್/೫.೬ ಆಗಿಬಿಡುತ್ತದೆ. ಆಗ ಬೆಳಕು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ಸಾಧ್ಯವಿದ್ದರೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದೇ ಮೇಲು.

ಫ್ಲಾಷ್ ಬೇಡ

ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿ ಕುಗ್ಗುತ್ತದೆಂಬುದು ನಿಮಗೆ ತಿಳಿದ ನಿಯಮ. ೩ ಮೀಟರು ದೂರಕ್ಕೆ ಸರಿಹೋಗುವ ಫ್ಲಾಷ್ ೧೫ ಮೀಟರು ದೂರದ ವೇದಿಕೆಯಲ್ಲಿ ೨೫ನೆಯ ಒಂದು ಪಾಲು ಮಾತ್ರ. ಅದು ಬೆಳಗಿಸುವುದು ಮುಂದೆ ಕುಳಿತವರ ತಲೆಗಳನ್ನು. ಕೆಡಿಸುವುದು ಕಲಾವಿದರ ಏಕಾಗ್ರತೆಯನ್ನು. ಆದುದರಿಂದ ಸಭೆಗೆ ಹೋಗುವ ಮೊದಲೇ ಅದನ್ನು ಆರಿಸಿಡಿರಿ. ಚಿತ್ರ ತೆಗೆಯಲು ಅನುಮತಿ ಇದೆಯೇ ಎಂದು ವಿಚಾರಿಸುವುದೂ ಸೌಜನ್ಯ.

ಮುಖ ಬಿಳಿಚುವುದಕ್ಕೆ ಕಾರಣ ಬೇರೆ. ಸ್ವಯಂಚಾಲಿತ ಕ್ಯಾಮರವು ದೃಶ್ಯದ ಸರಾಸರಿಯನ್ನು ನಡುಬೂದಿ ಬಣ್ಣಕ್ಕೆ ತರಲು ಯತ್ನಿಸುತ್ತದೆ. ಕಪ್ಪು ಪರದೆಯೇ ಹೆಚ್ಚಾಗಿದ್ದರೆ ಅದನ್ನೂ ಬೂದಿಯಾಗಿಸಲು ಹೋಗಿ ಮುಖವನ್ನು ಸುಟ್ಟುಹಾಕುತ್ತದೆ. ಕೂಡು-ಕಳೆ ಚಿಹ್ನೆಯಿರುವ ಗುಂಡಿಯನ್ನು −೧ಕ್ಕೆ ಇಳಿಸಿದರೆ ಬೆಳಕು ಅರ್ಧವಾಗಿ ಮುಖದ ವಿವರಗಳು ಉಳಿಯುತ್ತವೆ.

ತಕ್ಕ ಕ್ಷಣ

ಸೆಕೆಂಡಿಗೆ ೨ ಮೀಟರು ವೇಗದಲ್ಲಿ ಚಲಿಸುವ ಕೈ ೧/೧೦೦ ಸೆಕೆಂಡಿನಲ್ಲಿ ೨ ಸೆಂಟಿಮೀಟರು ಸರಿಯುತ್ತದೆ. ಆದರೆ ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಲ್ಲುವಂತೆ, ಮೇಲೆತ್ತಿದ ಕೈಯೂ ಹಿಂದಿರುಗುವ ಮುನ್ನ ನಿಲ್ಲುತ್ತದೆ. ಆಗಲೇ ಗುಂಡಿ ಒತ್ತಬೇಕು. ತಾಳ ಬಲ್ಲವನು ಆ ಕ್ಷಣವನ್ನು ಮುಂಚಿತವಾಗಿಯೇ ಊಹಿಸಬಲ್ಲನು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರನ್ನು ಮೆಲ್ಲಗೆ ಬಿಡುತ್ತ ಒತ್ತಿದರೆ ಕ್ಯಾಮರ ಅಲುಗುವುದು ಕಡಿಮೆ.

ಪ್ರವಾಸದಲ್ಲಿ

ಪ್ರವಾಸದಲ್ಲಿ ಬೆಳಕಿನ ಮೊತ್ತಕ್ಕಿಂತ ಅದರ ದಿಕ್ಕು ಮುಖ್ಯ. ಹಂಪೆಯ ಕಲ್ಲಿನ ರಥದ ಕೆತ್ತನೆಗಳು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಜೋಗದಲ್ಲಿ ಕಾಲದ ಆಯ್ಕೆಯನ್ನು ಗಮನಿಸಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ, ೨೦ ಮೀಟರು ಬಿದ್ದ ನೀರಿನ ವೇಗ ಸೆಕೆಂಡಿಗೆ ಸುಮಾರು ೨೦ ಮೀಟರು. ೧/೧೦೦೦ ಸೆಕೆಂಡಿನಲ್ಲಿ ಅದು ೨ ಸೆಂಟಿಮೀಟರು ಮಾತ್ರ ಇಳಿಯುವುದರಿಂದ ಹನಿಗಳು ಬಿಡಿಯಾಗಿ ತೋರುತ್ತವೆ. ಮುಸ್ಸಂಜೆಯಲ್ಲಿ ಕ್ಯಾಮರವನ್ನು ಗೋಡೆಯ ಮೇಲಿಟ್ಟು ೧/೧೦ ಸೆಕೆಂಡು ತೆರೆದರೆ ೨ ಮೀಟರಿನ ಹರಿವು ಬೆರೆತು ಹಾಲಿನ ಧಾರೆಯಾಗುತ್ತದೆ.

ಅಭ್ಯಾಸ: ಎಫ್/೨.೮ಕ್ಕಿಂತ ಹೆಚ್ಚು ತೆರೆಯಲಾಗದ ಮಸೂರದಿಂದ ಮೇಲೆ ಹೇಳಿದ ಕಚೇರಿಯನ್ನೇ ೧/೧೦೦ ಸೆಕೆಂಡಿನಲ್ಲಿ ಚಿತ್ರಿಸಲು ಐ.ಎಸ್.ಓ. ಎಷ್ಟಿರಬೇಕು? ೧೬೦೦ ಎಂಬ ಉತ್ತರ ಬಂದರೆ ಪಾಠ ಮನದಟ್ಟಾಯಿತೆಂದು ತಿಳಿಯಿರಿ.